ಬೆನ್ನು ನೋಡುತ್ತಾ ದ್ರಾಕ್ಷಿ ಸೀಮೆಗೆ

ಕೆಂಟ್

ಪ್ರವಾಸ ಹೋಗಿ ಬಂದವರು ನೋಡಿದ ಊರುಗಳ ಬಗ್ಗೆ ಬರೆಯುತ್ತಾರೆ. ನಾನು ಆ ಎರಡು ದಿನದಲ್ಲಿ ಹೆಚ್ಚು ಹೊತ್ತು ನೋಡಿದ್ದು ನನ್ನ ಗಂಡನ ಬೆನ್ನನ್ನು. ಬೂದು ಬಣ್ಣದ ಬನಿಯನ್, ಅದರ ನಡುವೆ ಹರಡುತ್ತಾ ಹೋಗುವ ಬೆವರಿನ ಕಲೆ, ಏರು ಬಂದಾಗ ಮೇಲೆ ಕೆಳಗೆ ಆಡುವ ಭುಜ. ಸರೋವರ, ಸೇತುವೆ, ದ್ರಾಕ್ಷಿತೋಟ ಎಲ್ಲವನ್ನೂ ನಾನು ಆ ಬೆನ್ನಿನ ಅಕ್ಕಪಕ್ಕದಲ್ಲಿ ಉಳಿದ ಜಾಗದಲ್ಲಿ ನೋಡಿದೆ.

ಶ್ರೀಕಂಠ ಮೈಸೂರಿನ ಯಂತ್ರೋಪಕರಣ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ವಿಮಾನದ ಬಿಡಿಭಾಗ ಮಾಡುವ ಅಮೆರಿಕದ ಕಂಪನಿಯೊಂದು ಅವರ ಕಾರ್ಖಾನೆಯ ಯಂತ್ರಗಳನ್ನು ಕೊಂಡಿತ್ತು. ಅವನ್ನು ಕೂರಿಸಿ, ಓಡಿಸಿ, ಅಲ್ಲಿನವರ ಕೈ ಪಳಗಿಸಿ ಬರಲು ಇವರನ್ನು ಸಿಯಾಟಲ್ ಪಕ್ಕದ ಕೆಂಟ್‌ಗೆ ಕಳಿಸಿದರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವವಳು. ಸಂಬಳವಿಲ್ಲದ ರಜೆ ಹಾಕಿ ಜೊತೆಗೆ ಹೊರಟೆ. ಅವರಿಗೆ ಹೊರಗಿನ ಊಟ ಆಗುವುದಿಲ್ಲ, ಅದಕ್ಕೇ ಹೋಗುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. ಊಟದ ಮಾತು ನೆಪ. ಹಿಂದಿನ ವರ್ಷ ಅವರಿಗೆ ಹೃದಯಾಘಾತವಾಗಿತ್ತು.

ಅದು ಬಂದ ಬಗೆಯೇ ನನ್ನನ್ನು ಹೆದರಿಸಿದ್ದು. ಕೂಗಾಟವಿಲ್ಲ, ಎದೆ ಹಿಡಿದುಕೊಳ್ಳುವುದಿಲ್ಲ. ಬೆಳಿಗ್ಗೆ ಪೇಪರ್ ಓದುತ್ತಿದ್ದವರು ಎಡಗೈ ಉಜ್ಜಿಕೊಳ್ಳುತ್ತಾ ಯಾಕೋ ಸರಿಯಿಲ್ಲ ಅಂದರು. ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಕುರ್ಚಿಯಿಂದ ಜಾರಿದ್ದರು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು, ಸ್ಟೆಂಟ್ ಹಾಕಿದರು, ಬದುಕಿ ಮನೆಗೆ ಬಂದರು. ಬಂದವರು ಕೆಲವೇ ದಿನಗಳಲ್ಲಿ ಏನೂ ಆಗಿಲ್ಲವೆಂಬಂತೆ ಓಡಾಡತೊಡಗಿದರು. ಯಾರಾದರೂ ವಿಚಾರಿಸಿದರೆ, 'ನಂಗೇನೂ ಆಗಿಲ್ಲ, ಪೈಪ್ ಕಟ್ಟಿತ್ತು, ರಿಪೇರಿ ಆಯ್ತು' ಎಂದು ನಗುತ್ತಿದ್ದರು. ನಾನು ಮಾತ್ರ ಆ ಲೋಟದ ನೀರನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದೆ. ಪಕ್ಕದಲ್ಲಿ ಮಲಗಿದವರ ಉಸಿರು ಕೇಳುವುದು ರೂಢಿಯಾಯಿತು. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತರೆ ಬಾಗಿಲ ಹೊರಗೆ ಹೋಗಿ ಕಿವಿಗೊಡುತ್ತಿದ್ದೆ.

ಕೆಂಟ್‌ನಲ್ಲಿ ಗೋದಾಮುಗಳ ಬೆನ್ನಿಗೆ ಒಂದು ನದಿ ಹರಿಯುತ್ತದೆ. ಅದರ ದಂಡೆಯ ಮೇಲೆ ಸೈಕಲ್ಲಿಗೆಂದೇ ಹಾದಿಯಿದೆ. ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದ್ದೇ ತಡ, ಇವರು ಹಳೆಯ ಸೈಕಲ್ ಒಂದನ್ನು ತಂದರು. ಒಬ್ಬರನ್ನೇ ಕಳಿಸಲಾರದೆ ನಾನೂ ಒಂದು ತಂದುಕೊಂಡೆ. ಚಾಮರಾಜನಗರದಲ್ಲಿ ಹುಡುಗಿಯಾಗಿದ್ದಾಗ ಕಲಿತ ವಿದ್ಯೆ, ಮೊದಲ ದಿನ ಬೇಲಿಗೆ ಗುದ್ದಿದ ಮೇಲೆ ವಾಪಸು ಬಂತು. ಅವರು ಮುಂದೆ, ನಾನು ಹಿಂದೆ. ಬೇಸಗೆ ಬರುವಷ್ಟರಲ್ಲಿ ನಾವು ಅರ್ಧ ದಿನ ತುಳಿದರೂ ದಣಿಯುತ್ತಿರಲಿಲ್ಲ. ಅಂದರೆ ಅವರು ದಣಿಯುತ್ತಿರಲಿಲ್ಲ. ನಾನು ದಣಿಯುತ್ತಿದ್ದೆ, ಕಾಲಿನಿಂದಲ್ಲ.

ಶೈಲಜಾ ನಮಗೆ ಪರಿಚಯವಾದದ್ದು ಅಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ. ಬೆಂಗಳೂರಿನ ರಾಜಾಜಿನಗರದವಳು, ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್ ಬಡಾವಣೆಯ ಎತ್ತರದ ಕಟ್ಟಡವೊಂದರಲ್ಲಿ ವಾಸ, ಅದರ ಎದುರಿನ ಕಟ್ಟಡದಲ್ಲಿ ಕೆಲಸ. ಅವಳದೊಂದು ಸೈಕಲ್ ಗುಂಪಿತ್ತು. ಶರತ್ಕಾಲದಲ್ಲಿ ಅವರೆಲ್ಲ ಫ್ರಾನ್ಸ್‌ಗೆ ಹೋಗಿ ಅಲ್ಲಿನ ದ್ರಾಕ್ಷಿ ಸೀಮೆಯಲ್ಲಿ ಊರಿಂದೂರಿಗೆ ಸೈಕಲ್ ತುಳಿಯುವವರಿದ್ದರು. ಅದಕ್ಕೆ ತಾಲೀಮಾಗಿ, ಸಿಯಾಟಲ್ ಹತ್ತಿರದ ವೈನ್ ಊರಾದ ವುಡಿನ್‌ವಿಲ್‌ಗೆ ಎರಡು ದಿನದ ಸವಾರಿ. ಇಬ್ಬರು ಬರಲಾಗದೆ ಜಾಗ ಖಾಲಿಯಾಗಿತ್ತು. ಫ್ರಾನ್ಸ್ ನಮ್ಮ ಕೈಗೆಟುಕುವಂಥದ್ದಲ್ಲ, ತಾಲೀಮಾದರೂ ಇರಲಿ ಎಂದು ಶ್ರೀಕಂಠ ನನ್ನನ್ನು ಕೇಳದೆ ಒಪ್ಪಿಕೊಂಡರು. ಮೊದಲ ದಿನ ಸಮತಟ್ಟು, ಎರಡನೇ ದಿನ ಒಂದು ಗುಡ್ಡ ಎಂದು ಶೈಲಜಾ ಹೇಳಿದಳು. ಹೊರಡುವ ದಿನದವರೆಗೂ ನಾನು ಆ ಗುಡ್ಡವನ್ನು ನಕ್ಷೆಯಲ್ಲಿ ತೆಗೆದು ತೆಗೆದು ನೋಡಿದೆ.

ಫ್ರೀಮಾಂಟ್

ಗುಂಪು ಸೇರಿದ್ದು ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯ ಕಾಲುವೆಯ ಪಕ್ಕದಲ್ಲಿ. ದೊಡ್ಡ ಕಂಪನಿಗಳ ಗಾಜಿನ ಕಟ್ಟಡಗಳ ಕೆಳಗೆ, ಬಾತುಕೋಳಿಗಳ ನಡುವೆ, ನಾವು ಐದು ಜನ. ಡೆನಿಸ್ ನಮ್ಮ ಮುಂದಾಳು. ಶಾಲೆಯಲ್ಲಿ ಆಟದ ಮೇಡಂ ಆಗಿ ನಿವೃತ್ತಳಾದವಳು, ಈಗಲೂ ಕೊರಳಲ್ಲಿ ಸೀಟಿ. ಅವಳ ಗಂಡ ಗ್ಯಾರಿ ನಮ್ಮ ಚೀಲಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ರಸ್ತೆಯ ಮೇಲೆ ಬರುವುದು, ನಾವು ಹಾದಿಯಲ್ಲಿ ಹೋಗುವುದು, ಅಲ್ಲಲ್ಲಿ ಸೇರುವುದು ಎಂದು ಏರ್ಪಾಡು. ಐದನೆಯವರು ಲೂಯಿ, ಎಪ್ಪತ್ತು ದಾಟಿದ ಒಣಕಲು ಮನುಷ್ಯ. ಹುಟ್ಟಿದ್ದು ಫ್ರಾನ್ಸಿನ ವೈನ್ ಹಳ್ಳಿಯಲ್ಲಿ, ವಯಸ್ಸಿಗೆ ಬಂದಾಗಿನಿಂದ ಇರುವುದು ಫ್ರೀಮಾಂಟ್‌ನಲ್ಲಿ. ಗುಂಪು ಹೋಗಲಿದ್ದದ್ದು ಅವರ ಹಳ್ಳಿಯ ಕಡೆಗೇ. ನಮ್ಮ ಕೈ ಕುಲುಕುವ ಮೊದಲು ಕೈಗವಸು ತೆಗೆದು, ಕುಲುಕಿ, ಮತ್ತೆ ಹಾಕಿಕೊಂಡರು.

ಹಾದಿ ಹಿಡಿದು ಸ್ವಲ್ಪ ಹೊತ್ತಿಗೇ ನಾನು ಒಂದು ಅವಾಂತರ ಮಾಡಿದೆ. ಇಲ್ಲಿ ಹಿಂದಿನಿಂದ ಬರುವವರು ಗಂಟೆ ಬಾರಿಸುವುದು ಕಡಿಮೆ. 'ಆನ್ ಯುವರ್ ಲೆಫ್ಟ್' ಎಂದು ಕೂಗುತ್ತಾರೆ. ನಿಮ್ಮ ಎಡಗಡೆಯಿಂದ ದಾಟುತ್ತಿದ್ದೇನೆ, ಅಲ್ಲಾಡಬೇಡಿ ಎಂದು ಅರ್ಥ. ಕೆಂಟ್‌ನ ನದಿ ದಂಡೆಯಲ್ಲಿ ಜನವೇ ಇಲ್ಲದ್ದರಿಂದ ನಾನು ಆ ಮಾತನ್ನು ಕೇಳಿರಲಿಲ್ಲ. ನಮ್ಮಲ್ಲಿ ದಾರಿ ಬಿಡಬೇಕೆಂದರೆ ಎಡಕ್ಕೆ ಸರಿಯುವುದು ಮೈಗೆ ಹತ್ತಿದ ಅಭ್ಯಾಸ. ಲೆಫ್ಟ್ ಎಂದು ಕೇಳಿದ್ದೇ ತಡ, ಪಾಪ ಯಾರೋ ಎಡಕ್ಕೆ ಹೋಗು ಅನ್ನುತ್ತಿದ್ದಾರೆಂದು ಸರಕ್ಕನೆ ಎಡಕ್ಕೆ ಹೊರಳಿದೆ. ಬಾಣದಂತೆ ಬರುತ್ತಿದ್ದ ಯುವಕ ನನ್ನನ್ನು ತಪ್ಪಿಸಲು ಹುಲ್ಲಿಗೆ ಇಳಿದ. ಬೈಗುಳ ಕಾಯುತ್ತಾ ನಿಂತೆ. ಅವನು ಸಾರಿ ಎಂದು ಹೇಳಿ ಹೊರಟುಹೋದ. ತಪ್ಪು ಮಾಡಿದವರಿಗೆ ತಪ್ಪು ಮಾಡದವರು ಕ್ಷಮೆ ಕೇಳುವ ಈ ಊರಿನ ಪದ್ಧತಿ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ನಮ್ಮ ದೇವರಾಜ ಅರಸು ರಸ್ತೆಯಲ್ಲಾಗಿದ್ದರೆ ನಾಲ್ಕು ಮಾತು ಬೈಸಿಕೊಂಡು ಮನಸ್ಸು ಹಗುರಾಗುತ್ತಿತ್ತು.

ಶ್ರೀಕಂಠ ತಿರುಗಿ ನೋಡಿ, ರಸ್ತೆ ನೋಡಿಕೊಂಡು ತುಳಿ ಎಂದರು. ನಾನು ಯಾಕೆ ರಸ್ತೆ ನೋಡುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು ಎಂದು ನನಗೆ ತಿಳಿದದ್ದು ಮರುದಿನ.

ಕೆನ್ಮೋರ್

ಹಾದಿ ವಿಶ್ವವಿದ್ಯಾಲಯವನ್ನು ದಾಟಿ ವಾಷಿಂಗ್ಟನ್ ಸರೋವರದ ದಂಡೆಗೆ ಬಂತು. ಒಂದು ಬದಿ ನೀರು, ಇನ್ನೊಂದು ಬದಿ ದೊಡ್ಡ ಮನೆಗಳ ಬೆನ್ನು. ಹಿಂದೆ ಇಲ್ಲಿ ರೈಲು ಓಡುತ್ತಿತ್ತಂತೆ. ಹಳಿ ಕಿತ್ತು ಸೈಕಲ್ಲಿಗೆ ಕೊಟ್ಟಿದ್ದಾರೆ. ಅದಕ್ಕೇ ಎಲ್ಲೂ ಏರಿಲ್ಲ, ತಿರುವಿಲ್ಲ. ಎಲ್ಲರೂ ಹರಟುತ್ತಾ ಹೋಗುತ್ತಿದ್ದರು. ಶೈಲಜಾ ನನ್ನ ಪಕ್ಕಕ್ಕೆ ಬಂದು ಅಮ್ಮ ಮದುವೆ ವಿಷಯ ತೆಗೆದರೆ ಫೋನ್ ಹೇಗೆ ಇಡುತ್ತೇನೆಂದು ಹೇಳುತ್ತಿದ್ದಳು. ಕೇಳುತ್ತಲೇ ಸೊಂಟದ ಚೀಲಕ್ಕೆ ಕೈ ಹಾಕಿದೆ. ಮಾತ್ರೆಯ ಡಬ್ಬಿ ಇರಲಿಲ್ಲ.

ನಾಲಿಗೆಯ ಕೆಳಗೆ ಇಡುವ ಮಾತ್ರೆ ಅದು. ಎದೆ ನೋವು ಬಂದರೆ ಮೊದಲು ಅದನ್ನಿಟ್ಟು ಆಮೇಲೆ ಉಳಿದದ್ದು ಎಂದು ವೈದ್ಯರು ಹೇಳಿದ್ದರು. ಒಂದು ವರ್ಷದಿಂದ ನಾನು ಅದಿಲ್ಲದೆ ತರಕಾರಿ ಅಂಗಡಿಗೂ ಹೋಗಿದ್ದಿಲ್ಲ. ಬೆಳಿಗ್ಗೆ ಸನ್‌ಸ್ಕ್ರೀನ್ ತೆಗೆಯುವಾಗ ಡಬ್ಬಿಯನ್ನು ದೊಡ್ಡ ಚೀಲದ ಮೇಲಿಟ್ಟದ್ದು ನೆನಪಾಯಿತು. ಆ ಚೀಲ ವ್ಯಾನಿನಲ್ಲಿತ್ತು.

ಶ್ರೀಕಂಠ ಅವರಿಗೆ ಹೇಳುವಂತಿಲ್ಲ. ಹೇಳಿದರೆ ನಗುತ್ತಾರೆ, ಅಥವಾ ರೇಗುತ್ತಾರೆ. ಎರಡೂ ಎದೆಗೆ ಒಳ್ಳೆಯದಲ್ಲ. ಶೈಲಜಾಗೆ ಹೇಳಿದರೆ ಡೆನಿಸ್‌ಗೆ ಹೋಗುತ್ತದೆ, ಡೆನಿಸ್ ಸೀಟಿ ಊದುತ್ತಾಳೆ. ಮುಂದಿನ ನಿಲ್ದಾಣ ಸರೋವರ ಮುಗಿಯುವ ಕೆನ್ಮೋರ್. ವ್ಯಾನ್ ಅಲ್ಲಿ ಇರುತ್ತದೆ. ಅಲ್ಲಿಯವರೆಗೆ ಸುಮ್ಮನೆ ತುಳಿ ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಉಸಿರು ಕೇಳುವಷ್ಟು ಹತ್ತಿರಕ್ಕೆ ಹೋದೆ. ಎಷ್ಟು ಹತ್ತಿರವೆಂದರೆ ನನ್ನ ಮುಂದಿನ ಚಕ್ರ ಅವರ ಹಿಂದಿನ ಚಕ್ರಕ್ಕೆ ಉಜ್ಜಿ ಇಬ್ಬರೂ ಓಲಾಡಿದೆವು. ಸರೋವರ ಬಹಳ ಚೆನ್ನಾಗಿತ್ತು ಎಂದು ಆಮೇಲೆ ಶೈಲಜಾ ಹೇಳಿದಳು.

ಕೆನ್ಮೋರ್‌ನಲ್ಲಿ ವ್ಯಾನ್ ಇರಲಿಲ್ಲ. ಗ್ಯಾರಿ ಐಸ್ ತರಲು ಹೋಗಿದ್ದಾನೆ, ಸೀದಾ ವುಡಿನ್‌ವಿಲ್‌ನಲ್ಲೇ ಸಿಗುತ್ತಾನೆ ಎಂದು ಡೆನಿಸ್ ಹೇಳಿದಳು. ಎಲ್ಲರೂ ದೋಣಿಕಟ್ಟೆಯ ಮೇಲೆ ಕೂತು ನಾನು ಸೈಕಲ್ ಬುಟ್ಟಿಯಲ್ಲಿ ತಂದಿದ್ದ ಗೊಜ್ಜವಲಕ್ಕಿ ತಿಂದರು. ಲೂಯಿ ಒಂದು ಚಿಟಿಕೆಯನ್ನು ಅಂಗೈಯಲ್ಲಿಟ್ಟು ಮೂಸಿ, ಹುಳಿ ಎಲ್ಲಿಂದ ಬಂತೆಂದು ಕೇಳಿದರು. ಹುಣಸೆಹಣ್ಣಿನ ಬಗ್ಗೆ ನಾನು ಏನು ಹೇಳಿದೆನೋ ಗೊತ್ತಿಲ್ಲ. ಸಸ್ಯಶಾಸ್ತ್ರದವಳು, ಹುಣಸೆಮರಕ್ಕೆ ಬೇರೆ ಯಾವುದೋ ಮರದ ಲ್ಯಾಟಿನ್ ಹೆಸರು ಹೇಳಿದೆ ಎಂದು ಎರಡು ಮೈಲಿ ಹೋದ ಮೇಲೆ ಹೊಳೆಯಿತು.

ಶ್ರೀಕಂಠ ಅವರಿಗೆ ಏನೂ ಆಗಲಿಲ್ಲ. ನದಿಯ ಪಕ್ಕದ ಹಾದಿಯಲ್ಲಿ ಶಿಳ್ಳೆ ಹಾಕುತ್ತಾ ವುಡಿನ್‌ವಿಲ್ ತಲುಪಿದರು. ನಾನು ಸೈಕಲ್ಲನ್ನು ಹುಲ್ಲಿನ ಮೇಲೆ ಕೆಡವಿ ವ್ಯಾನಿಗೆ ಓಡಿದೆ. ಡಬ್ಬಿ ಕೈಗೆ ಬಂದ ಮೇಲೆ ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗ್ಯಾರಿ ಒಂದು ಲೋಟ ಐಸ್ ನೀರು ತಂದುಕೊಟ್ಟು ತನ್ನ ಕೆಲಸಕ್ಕೆ ಹೋದ.

ವುಡಿನ್‌ವಿಲ್

ವೈನ್ ಊರು ಎಂದರೆ ದೇವನಹಳ್ಳಿ ಕಡೆಯ ಹಾಗೆ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ಚಪ್ಪರ ಇರುತ್ತದೆಂದು ನಾನು ತಿಳಿದಿದ್ದೆ. ಇಲ್ಲಿ ದ್ರಾಕ್ಷಿಯೇ ಇಲ್ಲ. ಫ್ರಾನ್ಸಿನ ಜಮೀನುದಾರರ ಬಂಗಲೆಯನ್ನು ಹೋಲುವ ಕಟ್ಟಡ, ಅದರ ಮುಂದೆ ನವಿಲು ಓಡಾಡುವಷ್ಟು ದೊಡ್ಡ ಹುಲ್ಲುಹಾಸು, ಬದಿಯಲ್ಲಿ ನೋಡುವುದಕ್ಕೆಂದು ಬೆಳೆಸಿದ ಕೆಲವು ಬಳ್ಳಿ ಸಾಲು. ಹಣ್ಣೆಲ್ಲ ಬೆಟ್ಟಸಾಲಿನ ಆಚೆಯ ಒಣ ಸೀಮೆಯಿಂದ ಲಾರಿಗಳಲ್ಲಿ ಬರುತ್ತದೆ. ಬಳ್ಳಿಯ ಎಲೆಯೊಂದನ್ನು ಕಿತ್ತು ನೋಡುತ್ತಿದ್ದ ನನ್ನ ಪಕ್ಕಕ್ಕೆ ಲೂಯಿ ಬಂದು ನಿಂತರು. ಇದು ಮದುವೆ ಮನೆಯ ಬಾಗಿಲಿಗೆ ಕಟ್ಟಿದ ಹೂವು, ತೋಟವಲ್ಲ ಎಂಬರ್ಥದ ಮಾತು ಹೇಳಿದರು. ಅವರ ಹಳ್ಳಿಯಲ್ಲಿ ಬಳ್ಳಿ ಮನೆಯ ಹಿತ್ತಿಲಿನವರೆಗೂ ಬರುತ್ತದಂತೆ. ಆಲಿಕಲ್ಲು ಬಿದ್ದರೆ ಇಡೀ ಊರು ರಸ್ತೆಗೆ ಬಂದು ಮೌನವಾಗಿ ನಿಲ್ಲುತ್ತದಂತೆ. ಅವರ ಅಪ್ಪ ಪ್ರತಿ ಸಂಜೆ ಮೋಡ ನೋಡುತ್ತಿದ್ದರು, ಮೋಡವಿಲ್ಲದ ದಿನವೂ ನೋಡುತ್ತಿದ್ದರು. 'ಹೆದರಿಕೊಂಡೇ ಬದುಕಿದರು, ತೊಂಬತ್ತು ವರ್ಷ' ಎಂದು ಹೇಳಿ ಲೂಯಿ ಎಲೆಯನ್ನು ನನ್ನ ಕೈಯಿಂದ ತೆಗೆದು ಬಳ್ಳಿಯ ಬುಡಕ್ಕೆ ಹಾಕಿದರು.

ಒಳಗೆ ವೈನ್ ರುಚಿ ನೋಡುವ ಶಾಸ್ತ್ರ. ಗ್ಲಾಸಿನ ತಳದಲ್ಲಿ ಒಂದಿಷ್ಟು ಬಿಟ್ಟು, ಅಲ್ಲಾಡಿಸಿ, ಮೂಗು ತೂರಿಸಿ ಮೂಸಿ, ಬಾಯಿಗೆ ಹಾಕಿ ಗಳಗಳ ಮಾಡಿ, ಬಕೆಟ್ಟಿಗೆ ಉಗಿಯುವುದು. ಗೌರವಸ್ಥರು ಸಾಲಾಗಿ ನಿಂತು ಉಗಿಯುತ್ತಿದ್ದರು. ಎಲೆಯಡಿಕೆ ಹಾಕುವ ನಮ್ಮ ಅಜ್ಜಿ ನೋಡಿದ್ದರೆ ಇಷ್ಟು ದೂರ ಬಂದು ಇದನ್ನು ಕಲಿಯಬೇಕಿತ್ತೇ ಎನ್ನುತ್ತಿದ್ದಳು. ನನಗೆ ದ್ರಾಕ್ಷಿ ರಸ ಕೊಟ್ಟರು. ಶ್ರೀಕಂಠ ಕುಡಿಯುವವರಲ್ಲ, ಆದರೆ ಎಲ್ಲರೂ ಒತ್ತಾಯ ಮಾಡಿದ್ದಕ್ಕೆ ಒಂದು ಗ್ಲಾಸ್ ಎತ್ತಿದರು. ತುಟಿಗೆ ಮುಟ್ಟಿಸುವ ಮುಂಚೆ ನನ್ನ ಕಡೆ ನೋಡಿದರು.

ನಾನು ಬೇಡ ಎನ್ನಲಿಲ್ಲ. ತಲೆ ಕೂಡ ಅಲ್ಲಾಡಿಸಲಿಲ್ಲ. ನನ್ನ ಮುಖದಲ್ಲಿ ಏನಿತ್ತೋ, ಅವರು ಗ್ಲಾಸನ್ನು ಮೇಜಿನ ಮೇಲಿಟ್ಟರು. ಶೈಲಜಾ ಕಿಟಕಿಯ ಹೊರಗೆ ನೋಡಿದಳು. ಡೆನಿಸ್ ನಾಳಿನ ದಾರಿಯ ಮಾತು ತೆಗೆದಳು. ಆ ಗ್ಲಾಸು ಊಟದವರೆಗೂ ಮೇಜಿನ ಮೇಲೇ ಇತ್ತು, ಯಾರೂ ಮುಟ್ಟಲಿಲ್ಲ. ಊಟವಾದದ್ದೇ ಅವರು ಹೋಗಿ ಮಲಗಿಬಿಟ್ಟರು.

ಗುಡ್ಡ

ಬೆಳಿಗ್ಗೆ ನಾವು ತಂಗಿದ್ದ ಮನೆಯ ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಾ ಅವರು ಬಾಯಿ ಬಿಟ್ಟರು. ರೇಗಲಿಲ್ಲ, ಅದೇ ಕಷ್ಟವಾಯಿತು.

"ವಿಜಿ, ಇವತ್ತು ನೀನು ನನ್ನ ಹಿಂದೆ ಬರ್ಬೇಡ."

ಯಾಕೆ ಎಂದೆ.

"ನೀನು ಹಿಂದೆ ಕೂತು ನನ್ನ ಉಸಿರು ಎಣಿಸ್ತಿರ್ತೀಯ. ನಂಗೆ ಕೇಳ್ಸುತ್ತೆ. ನಾನು ಹುಷಾರಾಗಿ ಒಂದು ವರ್ಷ ಆಯ್ತು. ನೀನು ನೋಡೋ ರೀತಿಗೆ ಮಾತ್ರ ನಾನಿನ್ನೂ ಆಸ್ಪತ್ರೇಲೇ ಇದೀನಿ."

ಅವರು ಪಂಪನ್ನು ಕೆಳಗಿಟ್ಟು, ಡೆನಿಸ್ ಜೊತೆ ಮುಂದೆ ಹೋಗು, ನಾನು ಲೂಯಿ ಜೊತೆ ನಿಧಾನಕ್ಕೆ ಬರುತ್ತೇನೆ ಎಂದರು. ನನಗೆ ಕಣ್ಣು ತುಂಬಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಆ ಬೆಳಿಗ್ಗೆ ಕುರ್ಚಿಯಿಂದ ಜಾರಿದವರು ಅವರು. ಆದರೆ ಅದನ್ನು ನೋಡಿದವಳು ನಾನು. ಅವರಿಗೆ ಅದರ ನೆನಪೇ ಇಲ್ಲ. ಇದನ್ನು ಹೇಳಬೇಕೆನಿಸಿತು. ಅದರ ಬದಲು ಮಾತ್ರೆಯ ಡಬ್ಬಿಯನ್ನು ಅವರ ಜೇಬಿಗೆ ತುರುಕಿ ಮುಂದೆ ಹೋದೆ.

ವುಡಿನ್‌ವಿಲ್‌ನ ಪೂರ್ವಕ್ಕೆ ಗುಡ್ಡ. ಈ ಕಡೆಯಿಂದ ನಿಧಾನವಾದ ಏರು, ಆ ಕಡೆ ಕಡಿದಾದ ಇಳಿಜಾರು. ಅದನ್ನು ಇಳಿದರೆ ಸ್ನೋಕ್ವಾಲ್ಮಿ ಎಂಬ ನದಿಯ ಕಣಿವೆ, ಹಸುವಿನ ಕೊಟ್ಟಿಗೆಗಳು, ನದಿಯಾಚೆ ಡುವಾಲ್ ಎಂಬ ಸಣ್ಣ ಊರು. ಸೇತುವೆಯ ಹತ್ತಿರ ಎಲ್ಲರೂ ಸೇರುವುದು, ಅಲ್ಲೊಂದು ಚಿಕ್ಕ ವೈನ್ ಮನೆ ನೋಡುವುದು, ಅಲ್ಲಿಂದ ವ್ಯಾನಿನಲ್ಲಿ ವಾಪಸು. ಏರು ಹತ್ತುವಾಗ ತೊಡೆ ಉರಿಯಿತು. ಸಿಟ್ಟಿಗೆ ಅಷ್ಟಾಗಿ ಗೊತ್ತಾಗಲಿಲ್ಲ. ನೆತ್ತಿಯಲ್ಲಿ ಒಮ್ಮೆ ತಿರುಗಿ ನೋಡಿದೆ. ಫರ್ ಮರಗಳ ನಡುವಿನ ರಸ್ತೆ ಖಾಲಿ. ಡೆನಿಸ್ ಮತ್ತು ಶೈಲಜಾ ಆಗಲೇ ಇಳಿಯತೊಡಗಿದ್ದರು.

ಇಳಿಜಾರಿನಲ್ಲಿ ನಾನು ಎರಡೂ ಬ್ರೇಕು ಅಮುಕಿಕೊಂಡೇ ಇಳಿದೆ. ಬೆರಳು ಮರಗಟ್ಟಿತು. ಕೆಳಗೆ ಬರುವಷ್ಟರಲ್ಲಿ ಅವರಿಬ್ಬರೂ ಕಣ್ಣಿಗೆ ಕಾಣುತ್ತಿರಲಿಲ್ಲ. ಅಲ್ಲಿ ದಾರಿ ಕವಲೊಡೆದಿತ್ತು. ಒಂದು ಕವಲಿನ ಬದಿಯಲ್ಲಿ ಮರದ ಹಲಗೆ, ಅದರ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ, ಕೆಳಗೆ ಬಾಣದ ಗುರುತು. ವೈನ್ ಮನೆಗೇ ಹೋಗುತ್ತಿರುವುದು, ಸರಿ ಎಂದು ಬಾಣ ತೋರಿದ ಕಡೆ ತಿರುಗಿದೆ. ಈ ಕಣಿವೆಯಲ್ಲಿ ಒಂದಕ್ಕಿಂತ ಹೆಚ್ಚು ವೈನ್ ಮನೆ ಇರಬಹುದೆಂದು ನನಗೆ ಹೊಳೆಯಲಿಲ್ಲ.

ಕಣಿವೆಯ ರಸ್ತೆ

ಸಮತಟ್ಟಾದ ರಸ್ತೆ, ಎರಡೂ ಬದಿ ಜೋಳದ ಹೊಲ. ಸೇತುವೆ ಈಗ ಬರುತ್ತದೆ, ಈಗ ಬರುತ್ತದೆ ಎಂದು ತುಳಿದೆ. ನದಿ ಬದಿಯಲ್ಲೇ ಎಲ್ಲೋ ಇದ್ದರೂ ಕಾಣಲಿಲ್ಲ. ಕೊನೆಗೆ ಆ ದ್ರಾಕ್ಷಿ ಗೊಂಚಲಿನ ಹಲಗೆ ಮತ್ತೆ ಸಿಕ್ಕಿತು, ಬೀಗ ಹಾಕಿದ ಗೇಟಿನ ಮೇಲೆ. ಒಳಗೆ ಯಾರೂ ಇಲ್ಲ. ಫೋನ್ ತೆಗೆದೆ, ಸಿಗ್ನಲ್ ಇಲ್ಲ. ಆಗ ನನಗೆ ದಾರಿ ತಪ್ಪಿದ್ದಕ್ಕಿಂತ ಬೇರೊಂದು ವಿಷಯ ದೊಡ್ಡದಾಯಿತು. ಶ್ರೀಕಂಠ ಗುಡ್ಡ ಹತ್ತಿ ಇಳಿದಿರುತ್ತಾರೆ. ಹೇಗಿದ್ದಾರೋ ನನಗೆ ಗೊತ್ತಾಗುವ ದಾರಿಯಿಲ್ಲ.

ರಸ್ತೆಯ ಆಚೆ ಬದಿಯ ಕೊಟ್ಟಿಗೆಯಿಂದ ನಾಯಿಯೊಂದು ಬೊಗಳುತ್ತಾ ಬಂತು. ಸೈಕಲ್ಲನ್ನು ಅಡ್ಡ ಹಿಡಿದು ನಿಂತೆ. ಅದರ ಹಿಂದೆ ರಬ್ಬರ್ ಬೂಟಿನ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು, ಕೈಯಲ್ಲಿ ಬಕೆಟ್. ನನ್ನ ಇಂಗ್ಲಿಷ್ ಆ ಹೊತ್ತಿಗೆ ಹೇಗಿತ್ತೋ, ಗುಂಪು, ಸೇತುವೆ, ಗಂಡ, ಹೃದಯ ಎಂಬ ನಾಲ್ಕು ಶಬ್ದಗಳನ್ನು ಅವಳು ಹಿಡಿದುಕೊಂಡಳು. ಒಳಗೆ ಕರೆದು ಗೋಡೆಯ ಫೋನು ತೋರಿಸಿದಳು. ರಿಸೀವರ್ ಎತ್ತಿ ನಿಂತೆ. ಶ್ರೀಕಂಠ ಅವರ ಅಮೆರಿಕದ ನಂಬರು ನನಗೆ ಬಾಯಿಪಾಠ ಇರಲಿಲ್ಲ. ನನ್ನ ಫೋನು ತೆರೆದರೆ ಇದೆ ಎಂಬುದು ಆ ಗಾಬರಿಯಲ್ಲಿ ತೋಚಲಿಲ್ಲ. ತಲೆಯಲ್ಲಿ ಇದ್ದದ್ದು ಮೈಸೂರಿನ ಮನೆಯ ನಂಬರು ಒಂದೇ. ಬೀಗ ಹಾಕಿದ ಮನೆಯಲ್ಲಿ ಅದು ರಿಂಗಾಗುವುದನ್ನು ನೆನೆದು ರಿಸೀವರ್ ಕೆಳಗಿಟ್ಟೆ.

ಅವಳು ನನ್ನ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ತನ್ನ ಹಳೆಯ ಪಿಕಪ್ ಟ್ರಕ್ಕಿನ ಹಿಂದಕ್ಕೆ ಹಾಕಿದಳು. ಹೆಸರು ಮಾರ್ತಾ ಎಂದಳು. ದಾರಿಯಲ್ಲಿ ಪ್ರತಿ ತಿರುವಿನಲ್ಲೂ ಇನ್ನು ದೂರವಿಲ್ಲ, ಇನ್ನು ದೂರವಿಲ್ಲ ಎನ್ನುತ್ತಿದ್ದಳು.

ಸೇತುವೆಯ ಹತ್ತಿರ ಡೆನಿಸ್, ಲೂಯಿ ಇದ್ದರು. ಶೈಲಜಾ ಓಡಿಬಂದು ನನ್ನ ತೋಳು ಹಿಡಿದಳು. ಅವರ ಹಿಂದೆ ಹುಡುಕಿದೆ. ಶ್ರೀಕಂಠ ಇರಲಿಲ್ಲ.

"ಆಂಟಿ, ಅಂಕಲ್ ವಾಪಸ್ ಮೇಲೆ ಹೋದ್ರು," ಎಂದಳು ಶೈಲಜಾ. "ನೀವು ಇಲ್ಲಿಗೆ ರೀಚ್ ಆಗಿಲ್ಲ ಅಂದ್ಮೇಲೆ ಇಳಿಜಾರಲ್ಲೇ ಎಲ್ಲೋ ಬಿದ್ದಿದೀರ ಅಂದ್ಕೊಂಡ್ರು. ವ್ಯಾನ್ ಬರ್ಲಿ ಅಂದ್ರೂ ಕೇಳ್ಲಿಲ್ಲ. ಸೈಕಲಲ್ಲೇ ಹೋದ್ರು."

ಆ ಗುಡ್ಡ. ಈ ಬದಿಯಿಂದ, ಕಡಿದಾದ ಬದಿಯಿಂದ. ನಾನು ಬ್ರೇಕು ಬಿಡದೆ ಇಳಿದ ದಾರಿಯನ್ನು ಅವರು ಗಾಬರಿಯಲ್ಲಿ, ಒಬ್ಬರೇ, ಹತ್ತುತ್ತಿದ್ದಾರೆ. ನಾನು ಮಾರ್ತಾಳ ಕಡೆ ತಿರುಗಿದೆ. ಅವಳು ಎಂಜಿನ್ ಆರಿಸಿಯೇ ಇರಲಿಲ್ಲ.

ಮತ್ತೆ ಗುಡ್ಡ

ಟ್ರಕ್ಕು ಏರುತ್ತಿದ್ದಂತೆ ನಾನು ರಸ್ತೆಯ ಎರಡೂ ಬದಿ ನೋಡುತ್ತಾ ಹೋದೆ. ನೋಡುತ್ತಿದ್ದದ್ದು ಸೈಕಲ್ ತುಳಿಯುವವರನ್ನಲ್ಲ, ಬಿದ್ದವರನ್ನು. ಅವರು ಏನೂ ಆಗದೆ ಸಿಗುತ್ತಾರೆಂದು ನನ್ನ ಮನಸ್ಸಿಗೆ ಒಮ್ಮೆಯೂ ಬರಲಿಲ್ಲ. ಒಂದು ತಿರುವಿನಲ್ಲಿ ನೆಲಕ್ಕೆ ಒರಗಿದ ಸೈಕಲ್ಲು ಕಂಡಿತು. ಅವರದೇ. ಪಕ್ಕದಲ್ಲಿ ಯಾರೂ ಇಲ್ಲ. ಮಾರ್ತಾ ಬದಿಗೆ ನಿಲ್ಲಿಸಿದಳು. ಬಾಗಿಲು ತೆಗೆಯುವುದಕ್ಕೆ ನನ್ನ ಕೈ ಬರಲಿಲ್ಲ. ಅವಳೇ ಚಾಚಿ ತೆಗೆದಳು.

ರಸ್ತೆಯ ಬದಿಗೆ ಹಳ್ಳ, ಹಳ್ಳದ ತುಂಬ ಬ್ಲ್ಯಾಕ್‌ಬೆರಿ ಮುಳ್ಳುಪೊದೆ. ಅದರೊಳಗೆ ಸೊಂಟದವರೆಗೆ ಇಳಿದು ಶ್ರೀಕಂಠ ಎರಡೂ ಕೈಯಿಂದ ಬಳ್ಳಿ ಸರಿಸುತ್ತಿದ್ದರು. ಅಲ್ಲೊಂದು ಕಡೆ ಪೊದೆ ಜಜ್ಜಿಹೋಗಿತ್ತು, ಜಿಂಕೆ ನುಗ್ಗಿದ್ದಿರಬೇಕು. ಅವರಿಗೆ ಅದು ನಾನು ಬಿದ್ದ ಜಾಗದಂತೆ ಕಂಡಿತ್ತು. ವಿಜೀ, ವಿಜೀ ಎಂದು ಮೆಲ್ಲಗೆ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಕರೆಯುತ್ತಿದ್ದರು.

ರೀ, ಇಲ್ಲಿದೀನಿ ಎಂದೆ.

ಅವರು ತಿರುಗಿದರು. ನನ್ನನ್ನು ನೋಡಿದರು, ಟ್ರಕ್ಕನ್ನು ನೋಡಿದರು, ಮತ್ತೆ ಪೊದೆಯನ್ನು ನೋಡಿದರು. ಪೊದೆಯಿಂದ ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ಕೂತರು. ಮೊಣಕೈವರೆಗೆ ಗೀರು, ರಕ್ತ, ಹಣ್ಣಿನ ನೇರಳೆ ರಸ. ನಾನು ಪಕ್ಕದಲ್ಲಿ ಕೂತು ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಜೋರಾಗಿ ಓಡುತ್ತಿತ್ತು, ಆದರೆ ತಪ್ಪದೆ ಓಡುತ್ತಿತ್ತು. ನೋವಿದೆಯಾ ಎಂದೆ. ಇಲ್ಲ ಎಂದು ತಲೆಯಾಡಿಸಿದರು. ಹಿಂದೆಲ್ಲ ಹೀಗೆ ಹಿಡಿದರೆ ಕೈ ಕಿತ್ತುಕೊಳ್ಳುತ್ತಿದ್ದರು. ಅಂದು ಕೈ ನನ್ನ ಮಡಿಲಲ್ಲೇ ಇತ್ತು.

ಎದ್ದು ನಿಂತಾಗ ಕಾಲು ನಡುಗುತ್ತಿದೆ, ಟ್ರಕ್ಕಿನಲ್ಲೇ ಹೋಗೋಣ ಎಂದರು. ಮೂವರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತೆವು. ಈಗ ಹೇಗಿದ್ದೀರಿ ಎಂದು ಮಾರ್ತಾ ಕೇಳಿದಳು. ಇಂಥ ಪ್ರಶ್ನೆಗೆ ಅವರ ಉತ್ತರ ನನಗೆ ಗೊತ್ತಿತ್ತು: ಫೈನ್, ಫೈನ್. ಅವರು ರಸ್ತೆಯನ್ನೇ ನೋಡುತ್ತಾ, ನನಗೆ ತುಂಬಾ ಭಯವಾಗಿತ್ತು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಸ್ಪತ್ರೆಯಲ್ಲಿ ಕೇಳದ ಮಾತು, ಮನೆಯಲ್ಲಿ ಕೇಳದ ಮಾತು. ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲದ ಹೆಂಗಸಿನ ಟ್ರಕ್ಕಿನಲ್ಲಿ ಕೇಳಿದೆ.

ಡುವಾಲ್

ಮಾರ್ತಾ ನಮ್ಮನ್ನು ಇಳಿಸಿ, ಕೋಳಿಗಳಿಗೆ ಮೇವು ಹಾಕಬೇಕು ಎಂದು ಹೊರಟಳು. ಡೆನಿಸ್ ನನ್ನ ಗಂಡನ ಗಾಯಕ್ಕೆ ಔಷಧಿ ಹಚ್ಚಿ, ಇನ್ನು ಮುಂದೆ ಕವಲಿನಲ್ಲಿ ಯಾರಾದರೊಬ್ಬರು ನಿಲ್ಲಲೇಬೇಕೆಂದು ತನಗೆ ತಾನೇ ಬೈದುಕೊಂಡಳು. ಅವರೆಲ್ಲ ವೈನ್ ಮನೆಗೆ ಹೋದರು. ಹೋಗುವಾಗ ಲೂಯಿ ನನ್ನ ಮುಂದೆ ನಿಂತು, ಕೈಗವಸು ತೆಗೆದು ಕೈ ಕುಲುಕಿದರು.

ನಾವಿಬ್ಬರೂ ನದಿ ದಂಡೆಯ ಬೆಂಚಿನ ಮೇಲೆ ಕೂತೆವು. ಬೇಸಗೆಯ ನದಿ, ನೀರು ಕಡಿಮೆ, ಕಲ್ಲು ಜಾಸ್ತಿ. ಎದುರು ದಡದಲ್ಲಿ ಒಬ್ಬ ಮೀನು ಹಿಡಿಯುತ್ತಿದ್ದ. ನಾನು ಅವರ ಕೈಯಲ್ಲಿ ಉಳಿದಿದ್ದ ಮುಳ್ಳುಗಳನ್ನು ಉಗುರಿನಿಂದ ತೆಗೆಯುತ್ತಿದ್ದೆ. ಒಂದು ಕೈ ಮುಗಿಯುತ್ತಾ ಬಂದಾಗ ಅವರು ಕೇಳಿದರು.

"ನಂಗೆ ಅರ್ಧ ಗಂಟೆ ಹಿಂಗಾಯ್ತು. ನಿಂಗೆ ಒಂದು ವರ್ಷದಿಂದ ಹಿಂಗೇ ಇತ್ತಾ?"

ಮುಳ್ಳು ತೆಗೆಯುವುದನ್ನು ನಿಲ್ಲಿಸಿದೆ. ಇಲ್ಲ ಎನ್ನಬಹುದಿತ್ತು. ಹೋಗಲಿ ಬಿಡಿ ಎನ್ನಬಹುದಿತ್ತು.

"ಈಗ್ಲೂ ಇದೆ," ಎಂದೆ.

ಅವರು ತಲೆಯಾಡಿಸಿದರು. ಇನ್ನೊಂದು ಕೈಯನ್ನು ಮುಂದೆ ಚಾಚಿದರು. ಅದರಲ್ಲಿ ಇನ್ನೂ ಹೆಚ್ಚು ಮುಳ್ಳಿತ್ತು.